ಶನಿವಾರದ ಮುಖ

ಕಳಂಬೋಲಿ, ನವಿ ಮುಂಬಯಿ
೨೮ ಸೆಪ್ಟೆಂಬರ್ ೨೦೨೪

ಡೊಂಬಿವಲಿ ಪೂರ್ವದ ಬಿಂಬ ಕ್ಯಾಮೆರಾ ಸ್ಟೋರ್ಸಿನ ಮಾಲಕರಾದ ಸರ್ವೋತ್ತಮರಿಗೆ,

ನಿಮ್ಮ ಆಯುಧಪೂಜೆಯ ಕಾರ್ಡು ಈ ವರ್ಷವೂ ಬಂತು. ನಮ್ಮ ಹಳೆಯ ಬಿಲ್ಡಿಂಗಿನ ವಾಚ್‌ಮ್ಯಾನ್ ಇಟ್ಟುಕೊಂಡಿದ್ದು, ಆ ಕಡೆಯಿಂದ ಬರುವವರ ಕೈಯಲ್ಲಿ ಕಳಿಸಿಕೊಟ್ಟ. "ಮಧ್ವರಾಜ ರಾಯರೇ, ಕ್ಯಾಮೆರಾ ಸಮೇತ ತಪ್ಪದೆ ಬನ್ನಿ" ಎಂದು ಬರೆದಿದ್ದೀರಿ. ರಾಯರು ಬರುವ ಹಾಗಿಲ್ಲ. ಜನವರಿಯ ಕೊನೆಯ ವಾರ ತೀರಿಕೊಂಡರು. ನಾನು ಅವರ ಹೆಂಡತಿ ವನಮಾಲಾ.

ಒಂದು ವರ್ಷ ಕಿಡ್ನಿಯ ಕಾಯಿಲೆ. ಡಯಾಲಿಸಿಸ್ ಶುರುವಾದ ಮೇಲೆ ಡೊಂಬಿವಲಿಯ ಮನೆ ಬಿಟ್ಟು, ಮಗಳು ನಿಶಾಳ ಆಫೀಸಿಗೆ ಹತ್ತಿರವೆಂದು ಇಲ್ಲಿಗೆ ಬಂದೆವು. ಅವಳು ಮಹಾಪೆಯಲ್ಲಿ ಕೆಲಸಕ್ಕಿದ್ದಾಳೆ. ನಿಮಗೆ ತಿಳಿಸುವುದು ಬೇಡವೆಂದು ಅವರೇ ಹೇಳಿದ್ದರು. ದಯವಿಟ್ಟು ಫೋನ್ ಮಾಡಬೇಡಿ. ನನ್ನ ಕಿವಿ ಮಂದ, ಫೋನಿನಲ್ಲಿ ಎಲ್ಲರೂ ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸುತ್ತದೆ. ಕಾಗದ ಬರೆಯಿರಿ. ನಿಶಾಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹಾಗಾಗಿ ಏನು ಬೇಕಾದರೂ ಬರೆಯಬಹುದು.

ಇನ್ನು ಆ ಕ್ಯಾಮೆರಾ. ಕಪಾಟಿನ ಮೇಲೆ ಅದರ ಚೀಲದಲ್ಲೇ ಇದೆ. ನೀವು ಸೆಕೆಂಡ್ ಹ್ಯಾಂಡ್ ಕೂಡ ತೆಗೆದುಕೊಳ್ಳುತ್ತೀರಂತೆ, ತೆಗೆದುಕೊಳ್ಳಿ. ನನಗೆ ಅದರ ಮೇಲೆ ಪ್ರೀತಿಯೇನೂ ಇಲ್ಲ. ವಾರವಿಡೀ ಥಾಣೆಯ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂರುವ ಮನುಷ್ಯ, ಶನಿವಾರ ಸಂಜೆಯ ರಜೆಯಲ್ಲಾದರೂ ಮನೆಯಲ್ಲಿ ಇರುತ್ತಾರೆಂದರೆ ನಿಮ್ಮ ಅಂಗಡಿ. ಭಾನುವಾರ ಬೆಳಕು ಹರಿಯುವ ಮೊದಲೇ ನಿಮ್ಮ ಗುಂಪಿನ ಜೊತೆ ಖಾಡಿಯ ಹಿನ್ನೀರಿನ ದಡದಲ್ಲಿ ಹಕ್ಕಿಗಳ ಹಿಂದೆ. ಶನಿವಾರ ಮಾರ್ಕೆಟಿನಿಂದ ಬಸಳೆ ತನ್ನಿ ಎಂದರೆ ತರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅದು ನಿಮ್ಮ ಅಂಗಡಿಯಲ್ಲಿ ಎರಡು ಗಂಟೆ ಕುಳಿತು, ಬಾಡಿ, ಆಮೇಲೆ ಮನೆಗೆ ಬರುತ್ತಿತ್ತು.

ಇಷ್ಟೆಲ್ಲ ಫೋಟೋ ತೆಗೆದ ಮನುಷ್ಯನದೇ ಒಂದು ಫೋಟೋ ಮನೆಯಲ್ಲಿಲ್ಲ. ಮದುವೆಯ ಆಲ್ಬಮ್ ಎಂದೋ ಒಂದು ಮಳೆಗಾಲದಲ್ಲಿ ನೀರು ಕುಡಿದು ಹಾಳಾಯಿತು. ಸಮಾರಂಭಗಳಲ್ಲೆಲ್ಲ ಅವರೇ ಕ್ಯಾಮೆರಾ ಹಿಡಿದವರು. ನಿಶಾ ಮೊಬೈಲ್ ಎತ್ತಿದರೆ "ಅದೂ ಒಂದು ಫೋಟೋವಾ?" ಎಂದು ಮುಖ ತಿರುಗಿಸುತ್ತಿದ್ದರು. ಅವಳಲ್ಲಿ ಇರುವುದೆಲ್ಲ ಆಸ್ಪತ್ರೆಯ ಕಾಲದ್ದು, ಅದನ್ನು ಗೋಡೆಗೆ ಹಾಕಲಾರೆ. ಕಡೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದೆವು. ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆ. ದಿನಾ ದೀಪ ಹಚ್ಚುವಾಗ ನಾನು ಆ ಕಡೆ ನೋಡುವುದಿಲ್ಲ.

ವನಮಾಲಾ


ಡೊಂಬಿವಲಿ ಪೂರ್ವ
೩ ಅಕ್ಟೋಬರ್ ೨೦೨೪

ವನಮಾಲಕ್ಕನವರಿಗೆ ಸರ್ವೋತ್ತಮನ ನಮಸ್ಕಾರ.

ನಿಮ್ಮ ಕಾಗದ ಓದಿ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕುಳಿತುಬಿಟ್ಟೆ. ಊರಿಗೆ ಹೋಗುತ್ತೇನೆ, ಬರುವುದು ತಡವಾಗುತ್ತದೆ ಎಂದಿದ್ದರು ರಾಯರು. ನಾನು ನಂಬಿದೆ. ಫೋನ್ ಹತ್ತದಿದ್ದಾಗ ಉಡುಪಿಯಲ್ಲಿ ಹಾಯಾಗಿದ್ದಾರೆ ಅಂದುಕೊಂಡೆ. ನಮ್ಮ ಗಿರಾಕಿಗಳ ಗುಂಪು ಒಂದೇ ಕುಟುಂಬದ ಹಾಗೆ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುವವ ನಾನು. ಮನೆಯ ಹಿರಿಯ ಹೋದದ್ದು ಗೊತ್ತಿಲ್ಲದ ಕುಟುಂಬ!

ಅಕ್ಕ, ಕ್ಯಾಮೆರಾವನ್ನು ಈಗಲೇ ಮಾರುವುದು ಬೇಡ. ಪೂಜೆಗೆ ಮಾತ್ರ ಕಳಿಸಿಕೊಡಿ. ನವಮಿಯ ದಿನ ಎಲ್ಲ ಗಿರಾಕಿಗಳೂ ತಮ್ಮ ತಮ್ಮ ಕ್ಯಾಮೆರಾ ತಂದು ನಮ್ಮ ಕೌಂಟರಿನ ಮೇಲೆ ಇಡುತ್ತಾರೆ, ಪೂಜೆ ಮಾಡಿ ಮರುದಿನ ಹಿಂದೆ ಕೊಡುತ್ತೇವೆ. ರಾಯರದು ಯಾವತ್ತೂ ಮೊದಲ ಸಾಲಿನಲ್ಲಿ. ಲೆನ್ಸಿಗೆ ಕುಂಕುಮ ತಾಗಿದರೆ ಭಟ್ಟರನ್ನೂ ಬಿಡುವುದಿಲ್ಲ ಎಂದು ಪೂಜೆ ಮುಗಿಯುವವರೆಗೆ ಕಾವಲು ನಿಲ್ಲುತ್ತಿದ್ದರು.

ಫೋಟೋದ ಚಿಂತೆ ನನಗೆ ಬಿಡಿ. ಜನವರಿಯಲ್ಲಿ ವರ್ಷದ ತಿಥಿ ಬರುತ್ತದಲ್ಲ, ಅಷ್ಟರೊಳಗೆ ಆ ಆಧಾರ್ ಫೋಟೋ ಗೋಡೆಯಿಂದ ಇಳಿಯಬೇಕು. ಇಷ್ಟು ಜನ ಫೋಟೋಗ್ರಾಫರುಗಳ ನಡುವೆ ವರ್ಷಗಟ್ಟಲೆ ಓಡಾಡಿದ ಮನುಷ್ಯನ ಫೋಟೋ ಇಲ್ಲವೆಂದರೆ ಯಾರು ನಂಬುತ್ತಾರೆ? ಇವತ್ತೇ ಗುಂಪಿನಲ್ಲಿ ಹಾಕುತ್ತೇನೆ.

ನಿಮ್ಮ
ಸರ್ವೋತ್ತಮ


ಕಳಂಬೋಲಿ
೧೫ ಅಕ್ಟೋಬರ್ ೨೦೨೪

ಸರ್ವೋತ್ತಮರಿಗೆ,

ಪೂಜೆಗೆ ನಾನು ಬರಲಿಲ್ಲ. ಆ ಅಂಗಡಿಯ ಮೇಲೆ ನನಗೆ ಇಷ್ಟು ವರ್ಷ ಇದ್ದ ಸಿಟ್ಟು ಒಂದು ಕಾಗದಕ್ಕೆ ಇಳಿಯುವಂಥದ್ದಲ್ಲ. ನಿಶಾ ಬಂದಳು. ಎರಡು ರೈಲು ಬದಲಿಸಿ ಅಪ್ಪನ ಕ್ಯಾಮೆರಾ ಹೊತ್ತುಕೊಂಡು ಹೋದವಳು, ಮರುದಿನ ಮತ್ತೆ ಹೋಗಿ ತಂದಳು. ಕ್ಯಾಮೆರಾದ ಕೊರಳಪಟ್ಟಿಯಲ್ಲಿ ಇನ್ನೂ ಅಕ್ಷತೆ ಸಿಕ್ಕಿಕೊಂಡಿತ್ತು. ನೀವು ಕೊಟ್ಟ ಪಂಚಕಜ್ಜಾಯ ಚೆನ್ನಾಗಿತ್ತು, ತೆಂಗಿನಕಾಯಿ ಸ್ವಲ್ಪ ಕಡಿಮೆ.

ಬಂದವಳೇ ಹೇಳಿದಳು: "ಮಮ್ಮಿ, ವಹಾಂ ಸಬ್‌ಕೋ ಪಪ್ಪಾ ಕೇ ಜೋಕ್ಸ್ ಯಾದ್ ಹೈ." ಅಲ್ಲಿ ಎಲ್ಲರಿಗೂ ಅಪ್ಪನ ಜೋಕುಗಳು ನೆನಪಿವೆಯಂತೆ. ನನಗೆ ಒಂದೂ ನೆನಪಿಲ್ಲ. ನನಗೆ ಹೇಳಿದ್ದರೆ ತಾನೆ ನೆನಪಿರಲು? ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದು ಹಾಲು, ನೀರಿನ ಪಂಪು, ಸೊಸೈಟಿಯ ಮೀಟಿಂಗು. ಅವತ್ತು ನನಗೆ ಬಹಳ ಬೇಸರವಾಯಿತು, ಹೊಟ್ಟೆಕಿಚ್ಚು ಎಂದರೂ ಸರಿಯೇ. ಸತ್ತ ಗಂಡನ ಮೇಲೆ ಒಂದು ಅಂಗಡಿಗೆ ನನಗಿಂತ ಹೆಚ್ಚು ಹಕ್ಕಿದೆ ಎಂದರೆ ಯಾರಿಗೆ ತಡೆದುಕೊಳ್ಳಲು ಆಗುತ್ತದೆ?

ನಿಶಾ ಕ್ಯಾಮೆರಾದಲ್ಲಿ ಉಳಿದದ್ದನ್ನೆಲ್ಲ ನೋಡಿದಳು. ಕೊಕ್ಕರೆ. ಮತ್ತೆ ಕೊಕ್ಕರೆ. ಅದೇ ಕೊಕ್ಕರೆ ಕತ್ತು ತಿರುಗಿಸಿದ್ದು. ಅವರದು ಒಂದೂ ಇಲ್ಲ. ನಿಮ್ಮ ಗುಂಪಿನವರು ಏನಾದರೂ ಕಳಿಸಿದರೇ?

ವನಮಾಲಾ


ಡೊಂಬಿವಲಿ ಪೂರ್ವ
೧೦ ನವೆಂಬರ್ ೨೦೨೪

ವನಮಾಲಕ್ಕನವರಿಗೆ,

ದೀಪಾವಳಿ ನಿಮ್ಮ ಮನೆಯಲ್ಲಿ ಹೇಗೆ ಕಳೆಯಿತೋ ಎಂದು ಕೇಳುವ ಧೈರ್ಯವಿಲ್ಲ. ಕಾಗದ ತಡವಾದದ್ದು ಹಬ್ಬದ ಗಡಿಬಿಡಿಯಿಂದಲ್ಲ, ಹೇಳಲು ಮುಖವಿಲ್ಲದೆ.

ಗುಂಪಿನವರು ಹುಡುಕಿದರು ಅಕ್ಕ, ಸುಳ್ಳು ಹೇಳಬಾರದು. ಥಾಣೆಯ ವಿಶ್ರುತ ಮದುವೆ ಸೀಸನ್ನಿನ ಕೆಲಸ ಬದಿಗಿಟ್ಟು ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಭಾನುವಾರದ್ದನ್ನೆಲ್ಲ ತಡಕಾಡಿದ. ಸಿಕ್ಕಿದ್ದು ಏನು ಗೊತ್ತಾ? ರಾಯರ ಮೊಣಕೈ. ರಾಯರ ಟೋಪಿ. ಹುಲ್ಲಿನಲ್ಲಿ ಬೋರಲು ಮಲಗಿದ ರಾಯರ ಬೆನ್ನು. ಮುಖ ಇರಬೇಕಾದ ಕಡೆ ಎಲ್ಲೆಲ್ಲೂ ಕ್ಯಾಮೆರಾ.

ಕಾರಣವೂ ನಮ್ಮದೇ. ಮೊದಮೊದಲು ಹುಡುಗರು ಹಕ್ಕಿ ಬಿಟ್ಟು ಒಬ್ಬರನ್ನೊಬ್ಬರು ತೆಗೆಯುವುದರಲ್ಲೇ ಬೆಳಗು ಕಳೆಯುತ್ತಿದ್ದರು. ಅದಕ್ಕೆ ಒಂದು ಕಾನೂನು ಬಂತು: ಭಾನುವಾರ ನಮ್ಮವರ ಕಡೆಗೇ ಕ್ಯಾಮೆರಾ ತಿರುಗಿಸಿದವ ಇಡೀ ಗುಂಪಿಗೆ ವಡಾಪಾವ್ ಕೊಡಿಸಬೇಕು. ಮಾಡಿದ್ದು ಸ್ವತಃ ರಾಯರು. ಅಷ್ಟು ಜನರಿಗೆ ವಡಾಪಾವ್ ಕೊಡಿಸುವ ಗಂಡಸು ನಮ್ಮಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಕಲ್ಯಾಣದಿಂದ ಐರೋಲಿಯವರೆಗಿನ ಕೊಕ್ಕರೆಗಳಿಗೆಲ್ಲ ಫೋಟೋ ಇದೆ, ನಮಗೆ ಯಾರಿಗೂ ಇಲ್ಲ.

ಇದ್ದುದರಲ್ಲಿ ಒಂದನ್ನು ಪ್ರಿಂಟ್ ಹಾಕಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಗಲ್ಲ ಮತ್ತು ಒಂದು ಕಿವಿ ಕಾಣುತ್ತದೆ.

ಕ್ಷಮೆ ಕೇಳುವ
ಸರ್ವೋತ್ತಮ


ಕಳಂಬೋಲಿ
೨೪ ನವೆಂಬರ್ ೨೦೨೪

ಸರ್ವೋತ್ತಮರಿಗೆ,

ಕಿವಿ ಬಂತು. ಅವರದೇ ಕಿವಿ, ಸಂಶಯವಿಲ್ಲ. ಇಷ್ಟೆಲ್ಲ ದೊಡ್ಡ ದೊಡ್ಡ ಫೋಟೋಗ್ರಾಫರುಗಳು ಸೇರಿ ನನಗೆ ಕೊಟ್ಟದ್ದು ಒಂದು ಕಿವಿ! ನಿಶಾ ನಕ್ಕಳು, ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ನನಗೆ ಅವರ ಮುಖ ಮರೆಯುತ್ತಿದೆ ಸರ್ವೋತ್ತಮ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮುಖ ಬರುತ್ತದೆ, ಕಣ್ಣು ಬಿಟ್ಟರೆ ಆಧಾರ್ ಕಾರ್ಡಿನದು. ನಡುವೆ ಮೂವತ್ತಕ್ಕೂ ಮಿಕ್ಕಿ ವರ್ಷ ನಾನು ನೋಡಿದ ಮುಖ ಎಲ್ಲಿ ಹೋಯಿತು? ತಿಥಿಯ ದಿನ ಬಂದವರ ಎದುರು ಅದಾದರೂ ಇರಲಿ ಎಂದು ಆಸೆಪಟ್ಟೆ, ಅಷ್ಟೇ. ಸಿಗದಿದ್ದರೆ ಬಿಡಿ, ನಿಮ್ಮ ಮೇಲೆ ಸಿಟ್ಟಿಲ್ಲ.

ಸಿಟ್ಟು ಇಳಿದಿದೆ, ಹಾಗಾಗಿ ಒಂದು ಮಾತು ಕೇಳಿಯೇಬಿಡುತ್ತೇನೆ. ನಿಶಾಳಿಗೆ ಇದನ್ನು ಓದಲು ಬಾರದಿರುವುದು ಒಳ್ಳೆಯದಾಯಿತು. ಶನಿವಾರ ನಿಮ್ಮ ಅಂಗಡಿಗೆ ಹೊರಡುವ ಮೊದಲು ಅವರು ಮತ್ತೊಮ್ಮೆ ಗಡ್ಡ ಹೆರೆಯುತ್ತಿದ್ದರು. ಬೆಳಿಗ್ಗೆ ಆಗಿದ್ದರೂ ಸಂಜೆ ಮತ್ತೆ. ಮೀಸೆ ಬಾಚಿ, ಇಸ್ತ್ರಿಯ ಅಂಗಿ ಹಾಕಿ, ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಕ್ಯಾಮೆರಾ ಅಂಗಡಿಗೆ ಹೋಗಲು ಇಷ್ಟು ಅಲಂಕಾರ ಏಕೆ? ಅಲ್ಲಿ ಯಾರಾದರೂ ಹೆಂಗಸು ಬರುತ್ತಾಳೋ ಎಂದು ಒಂದು ಕಾಲದಲ್ಲಿ ನನಗೆ ಗುಮಾನಿ ಬಂದದ್ದುಂಟು. ಕೇಳಲಿಲ್ಲ. ಕೇಳಿದರೆ ಹೌದೆಂದುಬಿಟ್ಟರೆ ಎಂಬ ಹೆದರಿಕೆ. ಈಗ ಕೇಳುತ್ತಿದ್ದೇನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ವನಮಾಲಾ


ಡೊಂಬಿವಲಿ ಪೂರ್ವ
೨೯ ನವೆಂಬರ್ ೨೦೨೪

ಅಕ್ಕಾ!

ಹೆಂಗಸು ಇಲ್ಲ. ದೇವರಾಣೆ ಇಲ್ಲ. ಆದರೆ ಆ ಗಡ್ಡ ಹೆರೆದದ್ದು ಏಕೆಂದು ನನಗೆ ಗೊತ್ತು. ನೀವು ಬರೆಯದಿದ್ದರೆ ಈ ಮಂಡೆಗೆ ಹೊಳೆಯುತ್ತಲೇ ಇರಲಿಲ್ಲ.

ಕೇಳಿ. ಹೊಸ ಕ್ಯಾಮೆರಾ ಮಾರುವಾಗ ಗಿರಾಕಿಯ ಎದುರೇ ಪೆಟ್ಟಿಗೆ ಒಡೆದು, ಬ್ಯಾಟರಿ ಹಾಕಿ, ಅವರ ಕೈಯಿಂದಲೇ ಒಂದು ಟೆಸ್ಟ್ ಫೋಟೋ ತೆಗೆಸುತ್ತೇವೆ. ಫೋಕಸ್ ಸರಿಯಿದೆಯೇ ನೋಡಲು ಎದುರು ಯಾರಾದರೂ ಅಲುಗದೆ ಕೂರಬೇಕು. ನಮ್ಮಲ್ಲಿ ಹೆಚ್ಚು ಕ್ಯಾಮೆರಾ ಮಾರಾಟವಾಗುವುದು ಶನಿವಾರ ಸಂಜೆ. ಶನಿವಾರ ಸಂಜೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಯಾರು? ರಾಯರು! ಬೆನ್ನು ನೆಟ್ಟಗೆ ಮಾಡಿ, "ಎಂತ ನೋಡ್ತೀಯ ಮಾರಾಯಾ, ಮೀಸೆಗೆ ಫೋಕಸ್ ಮಾಡು. ನನ್ನ ಮೀಸೆಯ ಒಂದೊಂದು ಕೂದಲು ಬೇರೆ ಬೇರೆ ಕಂಡರೆ ಮಾತ್ರ ದುಡ್ಡು ಕೊಡು" ಎನ್ನುತ್ತಿದ್ದರು. ಹೊಸಬರು ನಕ್ಕು, ಹೆದರಿಕೆ ಬಿಟ್ಟು, ಬಟನ್ ಒತ್ತುತ್ತಿದ್ದರು.

ಆ ಫೋಟೋಗಳು ನಮ್ಮಲ್ಲಿ ಉಳಿಯಲಿಲ್ಲ. ಕ್ಯಾಮೆರಾದ ಒಳಗೇ ಅವರವರ ಮನೆಗೆ ಹೋದವು. ನಾನು ಗುಂಪಿನವರಿಗೆ ಹೇಳಿದ್ದು ಭಾನುವಾರದ ಫೋಟೋಗಳಲ್ಲಿ ಹುಡುಕಿ ಎಂದು. ಹುಡುಕಬೇಕಾದದ್ದು ಶನಿವಾರದಲ್ಲಿ, ಅದೂ ಪ್ರತಿ ಕ್ಯಾಮೆರಾದ ಮೊಟ್ಟಮೊದಲ ಫೋಟೋದಲ್ಲಿ!

ಗುಂಪಿನಲ್ಲಿ ಹಾಕಿದ್ದೇನೆ. ಗುಂಪಿನಲ್ಲಿ ಇಲ್ಲದ ಹಳೆಯ ಗಿರಾಕಿಗಳಿಗೆ, ಪೂಜೆಯ ಕಾರ್ಡು ಹೋಗುವ ವಿಳಾಸಕ್ಕೆಲ್ಲ ಕಾಗದ ಹಾಕುತ್ತೇನೆ. ಟೆಸ್ಟ್ ಫೋಟೋ ಯಾರು ಇಟ್ಟುಕೊಳ್ಳುತ್ತಾರೆ, ಬಹಳ ಜನ ಅವತ್ತೇ ಅಳಿಸಿರುತ್ತಾರೆ. ಆದರೂ ನೋಡೋಣ.

ನಿಮ್ಮ
ಸರ್ವೋತ್ತಮ


ಟಿಟ್ವಾಳಾ
೧೪ ಡಿಸೆಂಬರ್ ೨೦೨೪

ಸರ್ವೋತ್ತಮ ಸಾಹೇಬರಿಗೆ ಮುಂಡಪ್ಪನ ಶರಣು.

ನಿಮ್ಮ ಕಾಗದ ಬಂದು ಮುಟ್ಟೇತಿ. ಮೀಸಿ ರಾಯರು ಹೋಗ್ಯಾರ ಅನ್ನೂದು ಓದಿ ಭಾಳ ಕೆಟ್ಟ ಅನಿಸ್ತು. ನಾ ನಿಮ್ಮ ಅಂಗಡಿಗೆ ಬಂದಿದ್ದು ಒಂದೇ ಸಲ, ಅವರನ್ನ ನೋಡಿದ್ದೂ ಒಂದೇ ಸಲ. ಆದ್ರ ನಮ್ಮ ಮನ್ಯಾಗ ಅವರು ದಿನಾ ಅದಾರ.

ಕ್ಯಾಮೆರಾ ತಗೊಂಡು ಬಂದ ದಿನ ನಮ್ಮ ಮನಿಯಾಕಿ ದಾನಮ್ಮ ಮೊದಲನೇ ಫೋಟೋ ನೋಡಿ, "ಇದ್ಯಾರ್ರೀ, ದೇವರ ಫೋಟೋ ತೆಗಿಯೂದು ಬಿಟ್ಟು ಯಾರೋ ಮೀಸಿ ಅಜ್ಜನ್ನ ತಗದೀರಿ" ಅಂತ ಬೈದ್ಲು. ಅಳಸಾಕ ಹೋದೆ. ಆಮ್ಯಾಲೆ ಆಕಿನೇ ಬ್ಯಾಡ ಅಂದ್ಲು, ಮೊದಲನೇದು ಅಳಸಬಾರದು, ಶಕುನ ಐತಿ ಅಂತ. ಆ ಕ್ಯಾಮೆರಾದಿಂದ ನಾ ಈಗ ಕಲ್ಯಾಣದ ತನಕ ಕೂಸಿಗೆ ಹೆಸರಿಡೂ ಬಾರಸಾ, ಹುಟ್ಟುಹಬ್ಬ ತೆಗಿಯಾಕ ಹೋಗ್ತೀನ್ರಿ. ರವಿವಾರ ಕೆಲಸಾ ಹಚ್ಚಿಕೊಟ್ಟಾವ್ರು ಅವರೇ ಅಂತ ದಾನಮ್ಮ ತಿಳಕೊಂಡಾಳ.

ಎರಡು ಫೋಟೋ ಕಳಿಸೇನಿ. ಒಂದು ಛಲೋ ಬಂದೈತಿ, ನಕ್ಕೋತ ಕುಂತಾರ. ಇನ್ನೊಂದು ಹಾಳಾಗೇತಿ. ಮೊದಲನೇದು ತಗದ ಮ್ಯಾಲೆ ಅವರು, "ಸಾಕಪ್ಪಾ, ತಡವಾಯ್ತು, ಮನೇಲಿ ಬಸಳೆಗೆ ಕಾಯ್ತಾ ಇದ್ದಾಳೆ" ಅಂತ ಎದ್ರು. ನಾ ತಿಳೀದ ಮತ್ತ ಬಟನ್ ಒತ್ತಿದೆ. ಅಲಗೇತಿ. ಉಪಯೋಗ ಇಲ್ಲ ಅಂದ್ರ ಬಿಸಾಕ್ರಿ.

ಆ ತಾಯಿಗೆ ನಮ್ಮ ಶರಣು ಹೇಳ್ರಿ.

ಮುಂಡಪ್ಪ


ಡೊಂಬಿವಲಿ ಪೂರ್ವ
೫ ಜನವರಿ ೨೦೨೫

ವನಮಾಲಕ್ಕನವರಿಗೆ,

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಬಂದಿರುತ್ತದೆ. ಕುಳಿತುಕೊಂಡು ತೆರೆಯಿರಿ. ನಿಶಾ ಮನೆಯಲ್ಲಿ ಇರುವಾಗ ತೆರೆದರೆ ಇನ್ನೂ ಒಳ್ಳೆಯದು.

ನಾನು ಒಂದೋ ಎರಡೋ ಸಿಕ್ಕರೆ ಪುಣ್ಯ ಅಂದುಕೊಂಡಿದ್ದೆ. ಥಾಣೆ, ಕಲ್ಯಾಣ, ವಾಶಿ, ಪನ್ವೇಲ್ ಎಂದು ಎಲ್ಲೆಲ್ಲಿಂದಲೋ ಬಂದವು. ಕೆಲವರಿಗೆ ರಾಯರ ಹೆಸರೂ ಗೊತ್ತಿಲ್ಲ, "ಮೂಛ್‌ವಾಲೇ ಅಂಕಲ್", ಮೀಸೆಯ ಅಂಕಲ್ ಎಂದು ಬರೆದು ಕಳಿಸಿದ್ದಾರೆ. ಮದುವೆಯಾದವರು, ಕ್ಯಾಮೆರಾ ಮಾರಿಕೊಂಡವರು, ಫೋಟೋಗ್ರಫಿಯನ್ನೇ ಬಿಟ್ಟವರು ಕೂಡ ಆ ಒಂದು ಫೋಟೋ ಇಟ್ಟುಕೊಂಡಿದ್ದಾರೆ ಅಕ್ಕ. ಏಕೆಂದು ಕೇಳಿದೆ. ಮೊದಲನೆಯದಲ್ಲವೇ ಎಂದರು.

ವರ್ಷದ ಪ್ರಕಾರ ಜೋಡಿಸಿದ್ದೇನೆ. ಮೀಸೆ ಮೊದಲು ಕಪ್ಪು, ಆಮೇಲೆ ಬೆಳ್ಳಗೆ. ಹಿಂದೆ ಗೋಡೆಯ ಬಣ್ಣ ಎರಡು ಸಲ ಬದಲಾಗಿದೆ. ರಾಯರು ಕೂತ ಜಾಗ ಮಾತ್ರ ಅದೇ.

ದೊಡ್ಡದು ಮಾಡಿ ಕಟ್ಟು ಹಾಕಿಸಲು ನನ್ನ ಆಯ್ಕೆ ವಿಶ್ರುತ ಕಳಿಸಿದ್ದು, ಬಾಯಿ ತುಂಬ ನಗುತ್ತಿರುವುದು. ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತದೆ. ಟಿಟ್ವಾಳಾದ ಮುಂಡಪ್ಪನವರು ಎಂಬವರದ್ದು ಒಂದು ಅಲುಗಿಹೋಗಿದೆ. ಕಟ್ಟು ಹಾಕಿಸುವಂಥದ್ದಲ್ಲ, ಆದರೆ ಅವರ ಕಾಗದ ಓದಿದ ಮೇಲೆ ಬಿಸಾಡಲು ಮನಸ್ಸಾಗಲಿಲ್ಲ. ಕಾಗದವನ್ನೂ ಇಟ್ಟಿದ್ದೇನೆ, ನೀವು ಓದಬೇಕು. ಯಾವುದನ್ನು ಕಟ್ಟು ಹಾಕಿಸಲಿ ಎಂದು ತಿಳಿಸಿ. ತಿಥಿಯ ಮೊದಲೇ ನಾನೇ ತಂದು ಗೋಡೆಗೆ ಹಾಕುತ್ತೇನೆ.

ನಿಮ್ಮ
ಸರ್ವೋತ್ತಮ


ಕಳಂಬೋಲಿ
೧೨ ಜನವರಿ ೨೦೨೫

ಸರ್ವೋತ್ತಮ,

ಪೆಟ್ಟಿಗೆ ತೆರೆದು ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದೆವು. ಹಾಸಿಗೆ ಸಾಲದೆ ನೆಲಕ್ಕೂ ಇಳಿಯಿತು. ನಿಶಾ ಒಂದೊಂದನ್ನೇ ಎತ್ತಿ "ಪಪ್ಪಾ, ಪಪ್ಪಾ" ಎನ್ನುತ್ತಿದ್ದಳು, ಚಿಕ್ಕವಳಿದ್ದಾಗಿನ ಹಾಗೆ. ತೀರಿಕೊಂಡ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವಳು ಅತ್ತದ್ದು ನೋಡಿ ನನಗೆ ಸಮಾಧಾನವಾಯಿತು.

ನಗುವ ಫೋಟೋಗಳನ್ನು ಮೊದಲು ನೋಡಿದೆ. ಇಷ್ಟು ನಗು ಇವರ ಹತ್ತಿರ ಇತ್ತೇ? ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು, ಆಮೇಲೆ ಇಳಿಯಿತು. ದಿನವಿಡೀ ಗಲ್ಲೆಯಲ್ಲಿ ಬಿಗಿದ ಮುಖ ಹಾಕಿ ಕೂರುವವರಿಗೆ ಎಲ್ಲಿಯಾದರೂ ಒಂದು ಕಡೆ ಸಡಿಲವಾಗಬೇಕಿತ್ತು, ನಿಮ್ಮಲ್ಲಿ ಆದರು. ಆ ಸ್ಟೂಲು ಕೊಟ್ಟದ್ದಕ್ಕೆ ನಿಮಗೆ ನಾನು ಋಣಿ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂಬುದು ನಿಮಗೆ ತಿಳಿದಿರಲಿ.

ಆ ಕ್ಯಾಮೆರಾವನ್ನು ಮಾರಿ, ಹೊಸದಾಗಿ ಕಲಿಯುವ ಯಾರಿಗಾದರೂ. ಮಾರುವ ದಿನ ನನಗೆ ತಿಳಿಸಿ. ಟೆಸ್ಟ್ ಫೋಟೋಗೆ ಸ್ಟೂಲಿನ ಮೇಲೆ ನಾನು ಕೂರುತ್ತೇನೆ. ಮೀಸೆ ಇಲ್ಲ, ಮೂಗುಬೊಟ್ಟಿಗೆ ಫೋಕಸ್ ಮಾಡಲಿ. ಆ ವಡಾಪಾವಿನ ಕಾನೂನನ್ನು ಮಾತ್ರ ಇವತ್ತೇ ತೆಗೆದುಹಾಕಿ. ನಿಮ್ಮೆಲ್ಲರ ಮನೆಯಲ್ಲೂ ಹೆಂಡಂದಿರು ಇದ್ದಾರೆ.

ನಗುವ ಫೋಟೋಗಳನ್ನೆಲ್ಲ ನೀವು ಅಂಗಡಿಯಲ್ಲಿ ಹಾಕಿಕೊಳ್ಳಿ. ಅದು ನಿಮ್ಮ ರಾಯರ ಮುಖ. ನನಗೆ ಬೇಕಾದದ್ದು ಮುಂಡಪ್ಪನವರದ್ದು, ಆ ಅಲುಗಿದ್ದು. ನಿಶಾ ಬೇಡವೆಂದು ಬದಿಗಿಟ್ಟಿದ್ದಳು, ನಾನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಡಲಿಲ್ಲ. ಸ್ಟೂಲಿನಿಂದ ಅರ್ಧ ಎದ್ದಿದ್ದಾರೆ. ಕೈಯಲ್ಲಿ ನನ್ನ ಬಟ್ಟೆಯ ಚೀಲ, ಅದರ ಬಾಯಿಂದ ಬಸಳೆಯ ದಂಟು ಹೊರಗೆ ಬಂದಿದೆ. ನಗು ಹೋಗಿ, ಹುಬ್ಬು ಸ್ವಲ್ಪ ಗಂಟಾಗಿ, ತಡವಾಯಿತು, ಇವತ್ತು ಬೈಗುಳ ಗ್ಯಾರಂಟಿ ಎಂಬ ಮುಖ.

ಈ ಮುಖ ನನಗೆ ಗೊತ್ತು ಸರ್ವೋತ್ತಮ. ಪ್ರತಿ ಶನಿವಾರ ಬಾಗಿಲು ತೆರೆದಾಗ ಎದುರು ಇರುತ್ತಿದ್ದದ್ದು ಇದೇ. ನಾನು ಬಾಗಿಲು ತೆರೆದ ಮೇಲೆ ಅದನ್ನು ಹಾಕಿಕೊಳ್ಳುತ್ತಿದ್ದರು ಅಂದುಕೊಂಡಿದ್ದೆ. ನಿಮ್ಮ ಅಂಗಡಿಯಿಂದಲೇ ಹಾಕಿಕೊಂಡು ಬರುತ್ತಿದ್ದರಂತೆ.

ಇದನ್ನೇ ದೊಡ್ಡದು ಮಾಡಿಸಿ. ಕಂಪ್ಯೂಟರಿನಲ್ಲಿ ಹಾಕಿ ಸರಿಮಾಡಲು ಹೋಗಬೇಡಿ. ಮನೆಗೆ ಹೊರಟಿದ್ದಾರೆ, ಹೊರಟ ಹಾಗೆಯೇ ಇರಲಿ.

ನಿಮ್ಮ ಅಕ್ಕ
ವನಮಾಲಾ